ಬೀಗದ ಕೈ ಎಲ್ಲಿತ್ತ್?

ಆಪರೇಷನ್ ಆಗಿ ಆರನೇ ವಾರ. ಡೊಂಬಿವಲಿಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯ ಮನೆಯಲ್ಲಿ ಬೆಳಗಿನ ತಿಂಡಿ ಮುಗಿದಿತ್ತು. ಅಪ್ಪಯ್ಯ ಕುರ್ಚಿಯ ಕೈ ಊರಿಕೊಂಡು ತಾವೇ ಎದ್ದರು. ಗೋಡೆ ಹಿಡಿಯದೆ ಒಳಕೋಣೆಗೆ ಹೋಗಿ, ಗೋದ್ರೆಜ್ ಕಪಾಟಿನ ಮುಂದೆ ನಿಂತು ಹಿಡಿಕೆ ತಿರುಗಿಸಿದರು. ತೆರೆಯಲಿಲ್ಲ. ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ದೇವರ ಫೋಟೋ ಹಿಂದೆ ಕೈಹಾಕಿ ತಡಕಾಡಿದರು. ಹೊರಗೆ ಬಂದು ಕೇಳಿದರು: “ಬೀಗದ ಕೈ ಎಲ್ಲಿತ್ತ್?”

ಅಮ್ಮ ಮಗಳ ಮುಖ ನೋಡಿದರು. ಮಗಳು ಮೊಬೈಲಿನಿಂದ ತಲೆಯೆತ್ತಲಿಲ್ಲ. ಬೀಗದ ಕೈ ಅವಳ ಹ್ಯಾಂಡ್‌ಬ್ಯಾಗಿನ ಒಳಜಿಪ್ಪಿನಲ್ಲಿತ್ತು. ಎರಡು ವರ್ಷದಿಂದ ಅಲ್ಲೇ ಇತ್ತು. ಅಷ್ಟು ದಿನ ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಕೇಳಬೇಕಾದವರಿಗೆ ಅದರ ನೆನಪೇ ಇರಲಿಲ್ಲ.

ಮನೆಯವರಿಗೆಲ್ಲ ಅವರು ಅಪ್ಪಯ್ಯ. ಇಲ್ಲಿಯೂ ಆ ಹೆಸರೇ ಸಾಕು. ವಯಸ್ಸು 74. ಕುಂದಾಪುರದ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಆಮೇಲೆ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತೆಂಟು ವರ್ಷ ಕುಳಿತರು. ಬೆಳಗ್ಗೆ ಗಲ್ಲಾದ ಬೀಗ ತೆಗೆಯುವುದು, ರಾತ್ರಿ ಲೆಕ್ಕ ಒಪ್ಪಿಸಿ ಬೀಗ ಹಾಕುವುದು. ಬೀಗದ ಕೈ ಯಾರ ಹತ್ತಿರ ಇದೆಯೋ ಜವಾಬ್ದಾರಿ ಅವರದು ಎಂಬುದನ್ನು ಬದುಕಿಡೀ ಕಂಡವರು. ಹಾಗಾಗಿ ಆ ಬೆಳಗಿನ ಪ್ರಶ್ನೆ ಒಂದು ಕಪಾಟಿನದಷ್ಟೇ ಆಗಿರಲಿಲ್ಲ ಎಂಬುದು ಮಗಳಿಗೂ ಗೊತ್ತಿತ್ತು.

ಆಸ್ಪತ್ರೆಯ ಕಾಗದದಲ್ಲಿ ‘ಒಳ್ಳೆಯ ಸುಧಾರಣೆ’ ಎಂದು ಬರೆದಿದ್ದರು. ಅದು ನಿಜವೇ. ಆದರೆ ಸುಧಾರಿಸಿದ ಮನುಷ್ಯ ಮನೆಗೆ ಬಂದಾಗ ಏನಾಗುತ್ತದೆ ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ.

*

ಶುರುವಾದದ್ದು ಕಾಲಿನಿಂದ. ಅದು ಮೊದಲು ಬಿದ್ದದ್ದು ಅಮ್ಮನ ಕಿವಿಗೆ. ಮನೆಯೊಳಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು. ಬಚ್ಚಲಿಗೆ ಹೋಗುವಾಗ ಸರ್, ಸರ್. ಬರುವಾಗ ಸರ್, ಸರ್. “ಹ್ವಾಯ್, ಕಾಲ್ ಎತ್ತಿ ನಡೀನಿ” ಎಂದು ನಾಲ್ಕು ತಿಂಗಳು ಹೇಳಿದರು. ಆಮೇಲೆ ಬಾಗಿಲ ಹೊಸಲಿನಲ್ಲಿ ನಿಂತುಬಿಡತೊಡಗಿದರು. ದಾಟಬೇಕೆಂದು ಮನಸ್ಸಿದೆ, ಪಾದ ನೆಲಕ್ಕೆ ಅಂಟಿದೆ. ಒಂದು ದಿನ ಸ್ಟೇಷನ್ನಿನ ಮೆಟ್ಟಿಲಿನಲ್ಲಿ ಬಿದ್ದರು. ಇನ್ನೊಂದು ದಿನ ಮನೆಯಲ್ಲೇ, ತಿರುಗುವಾಗ.

ಎರಡನೆಯದು ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಬಚ್ಚಲು ತಲುಪುವಷ್ಟರಲ್ಲಿ ಪಂಚೆ ಒದ್ದೆಯಾಗುತ್ತಿತ್ತು. ಅಮ್ಮ ಮಾತಾಡದೆ ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರು. ಅಪ್ಪಯ್ಯ ಮಾತಾಡದೆ ಸಂಘದ ಕಾರ್ಯಕ್ರಮಗಳಿಗೆ ಹೋಗುವುದನ್ನು ಬಿಟ್ಟರು. ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ ಬರುವ ಯಕ್ಷಗಾನ ಮೇಳಗಳ ಆಟ ಒಂದನ್ನೂ ತಪ್ಪಿಸದವರು, “ಈ ಸಲ ಬೇಡ” ಎಂದರು. ಆಸಕ್ತಿ ಹೋಯಿತು ಎಂದು ಮನೆಯವರು ತಿಳಿದರು.

ಮೂರನೆಯದು ಲೆಕ್ಕ. ತರಕಾರಿಯವನಿಗೆ ನೂರರ ನೋಟು ಕೊಟ್ಟು ಚಿಲ್ಲರೆ ಎಷ್ಟು ಬರಬೇಕೆಂದು ತಿಳಿಯದೆ ಅಂಗೈ ನೋಡುತ್ತ ನಿಂತರು. ಮಾತು ನಿಧಾನವಾಯಿತು. ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವರು ಬೇರೆ ಕೆಲಸಕ್ಕೆ ಹೋಗಿರುತ್ತಿದ್ದರು. ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಬೇಸರವೂ ಇಲ್ಲ, ಬೇಕೆಂಬುದೂ ಇಲ್ಲ.

ತೋರಿಸಿದ ಮೊದಲ ವೈದ್ಯರು ವಯಸ್ಸು ಕೇಳಿ ವಿಟಮಿನ್ ಬರೆದುಕೊಟ್ಟರು. ಎರಡನೆಯವರು ಪಾರ್ಕಿನ್ಸನ್ ಇರಬಹುದೆಂದು ಮಾತ್ರೆ ಶುರುಮಾಡಿದರು. ಅದರಿಂದ ಹೆಚ್ಚೇನೂ ಆಗಲಿಲ್ಲ. ಊರಿನಿಂದ ಫೋನು ಮಾಡಿದ ನೆಂಟರು ಒಂದೇ ಗಾದೆಯಲ್ಲಿ ಮುಗಿಸಿದರು: ಅರವತ್ತಕ್ಕೆ ಅರಳು ಮರಳು.

ಈ ಗಾದೆ ಕನ್ನಡದಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ ಅದರ ಮುಂದೆ ಎಂಆರ್‌ಐ ಮಾಡಿಸುವ ಯೋಚನೆ ಬರುವುದಿಲ್ಲ. ‘ಅರುಳು ಮರುಳು’ ಎಂದೂ ಹೇಳುವುದುಂಟು. ಮರುಳು ಎಂದರೆ ಭ್ರಮೆ, ಬುದ್ಧಿಗೆ ಕವಿದ ಮಂಕು. ಆದರೆ ‘ಮರಳು’ ಎಂದರೆ ಹಿಂತಿರುಗು ಎಂದೂ ಅರ್ಥ. ಬೇಂದ್ರೆಯವರು ತಮ್ಮ ಅರವತ್ತರ ಹೊತ್ತಿಗೆ ಬಂದ ಸಂಕಲನಕ್ಕೆ ಇಟ್ಟದ್ದು ಇದೇ ಹೆಸರನ್ನು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅರಳಿದ್ದು ಮತ್ತೆ ಅರಳುತ್ತದೆ ಎಂದು ಅದೇ ಎರಡು ಪದಗಳನ್ನು ಓದಬಹುದು. ಗಾದೆ ಹೇಳುವವರು ಮಾತ್ರ ಒಂದೇ ಅರ್ಥವನ್ನು ಹಿಡಿದಿರುತ್ತಾರೆ: ಇನ್ನು ಇಷ್ಟೇ.

*

ಇನ್ನು ಇಷ್ಟೇ ಎಂದು ಒಪ್ಪಿಕೊಂಡ ಮೇಲೆ ಮನೆ ಅದಕ್ಕೆ ತಕ್ಕಂತೆ ಹೊಂದಿಕೊಂಡಿತು. ಎಲ್ಲವೂ ಅಕ್ಕರೆಯಿಂದಲೇ ಆದದ್ದು. ಮಗಳು ಗಂಡ ಮತ್ತು ಮಗನನ್ನು ಕರೆದುಕೊಂಡು ಠಾಣೆಯ ಬಾಡಿಗೆ ಮನೆ ಬಿಟ್ಟು ಇಲ್ಲಿಗೇ ಬಂದಳು. ಅಪ್ಪಯ್ಯನ ಮಂಚ ಹಾಲಿಗೆ ಬಂತು, ಅವರ ಕೋಣೆ ಮೊಮ್ಮಗನ ಓದಿನ ಕೋಣೆಯಾಯಿತು. ಎಟಿಎಂ ಕಾರ್ಡು ಮಗಳ ಪರ್ಸಿಗೆ ಹೋಯಿತು. ಯಾರೋ ಫೋನು ಮಾಡಿ ಓಟಿಪಿ ಕೇಳಿದರೆ ಕೊಟ್ಟುಬಿಟ್ಟಾರೆಂದು ಸ್ಮಾರ್ಟ್‌ಫೋನು ತೆಗೆದುಕೊಂಡು ಗುಂಡಿಯ ಫೋನು ಕೊಟ್ಟರು. ಆಮೇಲೆ ಅದೂ ಹೋಯಿತು. ಬಚ್ಚಲಿನ ಒಳ ಚಿಲಕ ಬಿಚ್ಚಿದರು. ಬ್ಲೇಡು ಹಿಡಿಯುವುದು ಬೇಡವೆಂದು ವಾರಕ್ಕೊಮ್ಮೆ ಮನೆಗೇ ಕ್ಷೌರಿಕ ಬರತೊಡಗಿದ. ಹಗಲು ನೋಡಿಕೊಳ್ಳಲು ಒಬ್ಬ ಮಾವಶಿ ಬಂದಳು. ಅವಳು ಅಪ್ಪಯ್ಯನನ್ನು ‘ಬಾಬಾ’ ಎಂದು ಕರೆದು, ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ಕೈ ಸರಿಯಾಗಿಯೇ ಇದ್ದರೂ ಅವರು ಬಾಯಿ ತೆರೆಯುತ್ತಿದ್ದರು.

ಕೊನೆಗೆ ಊರಿನ ಜಾಗ. ಹನ್ನೆರಡು ಸೆಂಟ್ಸು, ಆರು ತೆಂಗಿನಮರ, ಬಿದ್ದುಹೋದ ಹಳೆಯ ಮನೆಯ ಜಗಲಿ. ನಿವೃತ್ತಿಯಾದ ಮೇಲೆ ಅಲ್ಲೊಂದು ಸಣ್ಣ ಮನೆ ಕಟ್ಟಬೇಕೆಂದು ಅಪ್ಪಯ್ಯ ಇಪ್ಪತ್ತು ವರ್ಷ ಹೇಳುತ್ತಿದ್ದರು. ಮಾವಶಿಯ ಸಂಬಳ, ಪರೀಕ್ಷೆಗಳು, ಔಷಧಿ, ಮುಂದೆ ಬರಬಹುದಾದ ದೊಡ್ಡ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿ, ಮೇ ತಿಂಗಳಲ್ಲಿ ಅವರನ್ನು ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಕರೆದುಕೊಂಡು ಹೋದರು. ಕಚೇರಿಯಲ್ಲಿ ಹೆಸರು ಕೇಳಿದರು, ಹೇಳಿದರು. ಸಹಿ ಎಂದರು, ಮಾಡಿದರು. ಸುತ್ತ ನೆರೆದ ಜನರನ್ನು ನೋಡಿ ನಗುತ್ತ “ಇದ್ ಯಾರ್ ಮದಿ?” ಎಂದು ಕೇಳಿದರು. ಯಾರ ಮದುವೆಯೂ ಅಲ್ಲ ಎಂದು ಹೇಳಲು ಮಗಳಿಗೆ ಬಾಯಿ ಬರಲಿಲ್ಲ.

ಇದರಲ್ಲಿ ಮೋಸವಿರಲಿಲ್ಲ. ದುಡ್ಡು ಅಪ್ಪಯ್ಯ-ಅಮ್ಮನ ಹೆಸರಿನಲ್ಲೇ ಬ್ಯಾಂಕಿಗೆ ಹೋಯಿತು. ಆದರೆ ಅವರು ಕುರ್ಚಿಯಲ್ಲಿ ಕೂತಿರುವಾಗಲೇ ಅವರಿಲ್ಲದ ದಿನಗಳ ಏರ್ಪಾಟು ಮುಗಿದಿತ್ತು.

*

ಆಮೇಲೆ ಒಂದು ದಿನ ಮುಂಬಯಿಯ ಒಂದು ಆಸ್ಪತ್ರೆಯ ನರರೋಗ ವಿಭಾಗದ ಹೊರರೋಗಿ ಕೋಣೆಯಲ್ಲಿ, ಫೈಲು ಬಿಡಿಸುವ ಮೊದಲು ವೈದ್ಯೆ ಹೇಳಿದರು: ಮೊದಲು ಇವರು ಬಾಗಿಲ ತನಕ ನಡೆದು ಬರಲಿ.

ಅಪ್ಪಯ್ಯ ನಡೆದರು. ಕಾಲು ಅಗಲಿಸಿ, ಸಣ್ಣ ಹೆಜ್ಜೆ, ಪಾದ ನೆಲ ಬಿಡದೆ. ತಿರುಗಲು ಏಳೆಂಟು ಹೆಜ್ಜೆ ಬೇಕಾಯಿತು. ಕೈಗಳು ಮಾತ್ರ ಚೆನ್ನಾಗಿ ಬೀಸುತ್ತಿದ್ದವು, ನಡುಕವಿರಲಿಲ್ಲ. ಮೂತ್ರದ ತೊಂದರೆ ಇದೆಯೇ ಎಂದು ವೈದ್ಯೆ ಅಮ್ಮನನ್ನು ಕೇಳಿದರು. ಅಮ್ಮ ತಲೆತಗ್ಗಿಸಿ ಹೌದೆಂದರು. ಮೂರರಲ್ಲಿ ಮೊದಲು ಬಂದದ್ದು ಯಾವುದು? ನಡಿಗೆ. ಆಗ ಎಂಆರ್‌ಐ ಮಾಡಿಸಲು ಬರೆದರು.

ಮಿದುಳಿನ ಒಳಗೆ ನಾಲ್ಕು ಪೊಳ್ಳು ಕೋಣೆಗಳಿವೆ. ಅಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ನೀರಿನಂಥ ದ್ರವ ತಯಾರಾಗುತ್ತದೆ. ಯಾವುದೇ ಹೊತ್ತಿನಲ್ಲಿ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವುದು ಸುಮಾರು 150 ಮಿಲಿ. ಹೊಸದು ಬರುತ್ತಿದ್ದಂತೆ ಹಳೆಯದು ರಕ್ತಕ್ಕೆ ಹೀರಿಹೋಗುತ್ತದೆ. ಕೆಲವು ಹಿರಿಯರಲ್ಲಿ, ಸಾಮಾನ್ಯವಾಗಿ ಅರವತ್ತು ದಾಟಿದ ಮೇಲೆ, ಈ ಹರಿವು ಕೆಡುತ್ತದೆ. ಕೋಣೆಗಳು ಉಬ್ಬಿ ಸುತ್ತಲಿನ ನರತಂತುಗಳು ನಲುಗುತ್ತವೆ. ವಿಚಿತ್ರವೆಂದರೆ ಬೆನ್ನಿನಲ್ಲಿ ಸೂಜಿ ಹಾಕಿ ಅಳೆದರೆ ದ್ರವದ ಒತ್ತಡ ಹೆಚ್ಚಿರುವುದಿಲ್ಲ. ಅದಕ್ಕೇ ‘ನಾರ್ಮಲ್ ಪ್ರೆಶರ್ ಹೈಡ್ರೊಸೆಫಲಸ್’ ಎಂಬ ಹೆಸರು. ವೈದ್ಯರ ಬಾಯಲ್ಲಿ ಎನ್‌ಪಿಎಚ್.

ಇದನ್ನು ಮೊದಲು ಗುರುತಿಸಿದವರು ಕೊಲಂಬಿಯಾದ ಬೊಗೊಟಾದಲ್ಲಿದ್ದ ನ್ಯೂರೊಸರ್ಜನ್ ಸಾಲೊಮನ್ ಹಕೀಮ್. 1957ರಲ್ಲಿ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಂಕಾಗಿ ಮಲಗಿದ್ದ ಒಬ್ಬ ಹುಡುಗನ ಬೆನ್ನಿನಿಂದ ಪರೀಕ್ಷೆಗೆಂದು ಸ್ವಲ್ಪ ದ್ರವ ತೆಗೆದಾಗ, ಒತ್ತಡ ಸಹಜವಾಗಿಯೇ ಇದ್ದರೂ ಆತ ಚೇತರಿಸಿಕೊಂಡದ್ದನ್ನು ಅವರು ಗಮನಿಸಿದರು. ಬಾಸ್ಟನ್ನಿನ ರೇಮಂಡ್ ಆಡಮ್ಸ್ ಮತ್ತಿತರರೊಡನೆ 1965ರಲ್ಲಿ ಅದನ್ನು ಪ್ರಕಟಿಸಿದರು. ನಡಿಗೆ, ಮೂತ್ರ, ಮರೆವು ಎಂಬ ಮೂರು ಲಕ್ಷಣಗಳ ಕಟ್ಟು ಅಲ್ಲಿಂದ ಬಂದದ್ದು.

ಅಪ್ಪಯ್ಯನಿಗೂ ಅದೇ ಪರೀಕ್ಷೆ. ಸೊಂಟದಲ್ಲಿ ಸೂಜಿ ಹಾಕಿ 40 ಮಿಲಿ ದ್ರವ ತೆಗೆದರು. ಮೊದಲು ಮತ್ತು ಆಮೇಲೆ ನಡಿಗೆಯನ್ನು ಗಡಿಯಾರ ಹಿಡಿದು ಅಳೆದರು: ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಮೊದಲು 38 ಸೆಕೆಂಡು ಹಿಡಿದಿತ್ತು. ಮರುದಿನ 24. ಆ ದಿನ ವಾರ್ಡಿನ ಓಣಿಯಲ್ಲಿ ಅವರ ಬೆನ್ನ ಹಿಂದೆ ನಡೆಯುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ನಿಂತರು. ಏನಾಯಿತೆಂದು ಮಗಳು ಕೇಳಿದಳು. “ಚಪ್ಪಲಿ ಸದ್ದ್ ಇಲ್ಲೆ” ಎಂದರು ಅಮ್ಮ.

ಎರಡು ದಿನಕ್ಕೆ ಸದ್ದು ಮರಳಿ ಬಂತು. ದ್ರವ ಮತ್ತೆ ತುಂಬಿಕೊಂಡಿತ್ತು. ಆದರೆ ದಾರಿ ಇದೆಯೆಂದು ಗೊತ್ತಾಗಿತ್ತು. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಮಿದುಳಿನ ಕೋಣೆಯಿಂದ ಒಂದು ತೆಳು ಕೊಳವೆ ಇಳಿಸಿ, ಕಿವಿಯ ಹಿಂದೆ ವಾಲ್ವ್ ಇಟ್ಟು, ಚರ್ಮದ ಅಡಿಯಲ್ಲೇ ಕತ್ತು, ಎದೆ ದಾಟಿಸಿ ಹೊಟ್ಟೆಯೊಳಗೆ ಬಿಡುವುದು. ಹೆಚ್ಚಾದ ದ್ರವ ಅಲ್ಲಿ ಹೀರಿಹೋಗುತ್ತದೆ. ಇದಕ್ಕೆ ಶಂಟ್ ಎನ್ನುತ್ತಾರೆ. ಮಿದುಳಿನ ಶಸ್ತ್ರಚಿಕಿತ್ಸೆಗಳಲ್ಲಿ ಇದು ದೊಡ್ಡದಲ್ಲ. ಆದರೆ ದ್ರವ ಅತಿಯಾಗಿ ಹರಿದರೆ ತಲೆನೋವು, ಮಿದುಳಿನ ಹೊದಿಕೆಯಡಿ ರಕ್ತಸ್ರಾವ. ಕಡಿಮೆಯಾದರೆ ಹಳೆಯ ಸ್ಥಿತಿ. ಜೊತೆಗೆ ಸೋಂಕು, ಕೊಳವೆ ಕಟ್ಟಿಕೊಳ್ಳುವ ಅಪಾಯ ಇದ್ದೇ ಇವೆ.

ಈ ವಾಲ್ವಿನ ಇತಿಹಾಸದಲ್ಲಿ ತಂದೆಯರಿದ್ದಾರೆ. 1956ರ ಸುಮಾರಿಗೆ ಅಮೆರಿಕದ ಜಾನ್ ಹಾಲ್ಟರ್ ಎಂಬ ಯಂತ್ರತಜ್ಞ, ಹೈಡ್ರೊಸೆಫಲಸ್ ಇದ್ದ ತನ್ನ ಮಗುವಿಗಾಗಿ ವಾಲ್ವ್ ರೂಪಿಸಿದ. 1960ರಲ್ಲಿ ಮಗನಿಗೆ ಅಪಘಾತವಾದ ಮೇಲೆ ಮಕ್ಕಳ ಕಥೆಗಾರ ರೋಆಲ್ಡ್ ಡಾಲ್, ಒಬ್ಬ ಎಂಜಿನಿಯರ್ ಮತ್ತು ಒಬ್ಬ ಸರ್ಜನ್ ಜೊತೆ ಸೇರಿ ಇನ್ನೊಂದನ್ನು ಮಾಡಿಸಿದ. ತಂದೆಯರು ಮಕ್ಕಳಿಗಾಗಿ ಹುಡುಕಿದ್ದು ಈಗ ಮುದಿ ತಂದೆಯರ ಕಿವಿಯ ಹಿಂದೆ ಕೂತಿದೆ. ಅಪ್ಪಯ್ಯನ ವಾಲ್ವಿಗೆ ಕೊಟ್ಟ ಹಣ ಊರಿನ ಜಾಗದ್ದು.

*

ಆರನೇ ವಾರದ ತಪಾಸಣೆಯಲ್ಲಿ ಅದೇ ಕುರ್ಚಿ, ಅದೇ 3 ಮೀಟರ್. ಈ ಸಲ 15 ಸೆಕೆಂಡು. ಕಿರಿಯ ವೈದ್ಯನೊಬ್ಬ ಜೀವನದ ಗುಣಮಟ್ಟ ಅಳೆಯುವ ಒಂದು ಹಾಳೆ ಹಿಡಿದು ಬಂದ. ಐದು ಪ್ರಶ್ನೆಗಳು: ಓಡಾಟ, ಸ್ವಂತ ಆರೈಕೆ, ಎಂದಿನ ಕೆಲಸಗಳು, ನೋವು, ಆತಂಕ. ಕೊನೆಗೆ ಸೊನ್ನೆಯಿಂದ ನೂರರವರೆಗಿನ ಒಂದು ಗೆರೆ. ಇವತ್ತಿನ ಆರೋಗ್ಯ ಎಲ್ಲಿದೆ ಎಂದು ಗುರುತು ಹಾಕಬೇಕು. ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ, ಎಷ್ಟೋ ಭಾಷೆಗಳಲ್ಲಿ ಕೇಳುವ ಪ್ರಶ್ನೆಗಳಿವು. ಅಪ್ಪಯ್ಯನಿಗೆ ಹಿಂದಿಯಲ್ಲಿ ಕೇಳಿದರು. ಗಲ್ಲಾದಲ್ಲಿ ಕೂತವರಿಗೆ ಹಿಂದಿ ಹೊಸದಲ್ಲ. ಆದರೂ ಐದಕ್ಕೂ ಒಂದೇ ಉತ್ತರ ಬಂತು: “ಅಡ್ಡಿಲ್ಲೆ.” ಮಗಳು ಅದನ್ನು ‘ಠೀಕ್ ಹೈ’ ಮಾಡಿದಳು. ವೈದ್ಯ ಗುರುತು ಹಾಕಿಕೊಂಡ.

ಅಡ್ಡಿಲ್ಲೆ ಎಂದರೆ ಅಡ್ಡಿ ಇಲ್ಲ. ಕುಂದಾಪುರದ ಕಡೆ ಅದು ಎಲ್ಲ ಕಡೆಗೂ ಸಲ್ಲುವ ಮಾತು. ಸಾರಿಗೆ ಉಪ್ಪು ಹೇಗಿದೆ ಎಂದರೂ ಅಡ್ಡಿಲ್ಲೆ, ನೆಂಟಸ್ತಿಕೆ ಒಪ್ಪಿಗೆಯೇ ಎಂದರೂ ಅಡ್ಡಿಲ್ಲೆ. ಸುಖವಿದೆ ಎಂದು ಅದು ಹೇಳುವುದಿಲ್ಲ. ತಡೆಯಿಲ್ಲ ಎಂದಷ್ಟೇ ಹೇಳುತ್ತದೆ. ಅಳತೆಗೋಲಿನ ಕೈಗೆ ಸಿಗದ ಉತ್ತರ ಅದು.

ಅದಕ್ಕಿಂತ ತೊಡಕಿನದು ಮೂರನೇ ಪ್ರಶ್ನೆ. ‘ಎಂದಿನ ಕೆಲಸ’ ಎಂದರೆ ಎಂದಿನದು? ಕಾಯಿಲೆಗೆ ಮುಂಚಿನ ದಿನಗಳದೋ, ಕಿಟಕಿಯ ಬಳಿ ಕೂತ ಎರಡು ವರ್ಷಗಳದೋ? ಬೆಳಗ್ಗೆ ಎದ್ದು ಸ್ಟೇಷನ್ನಿಗೆ ನಡೆದು ಹೋಗಿ ಕನ್ನಡ ಪೇಪರು ತರುವುದು, ಪಾಸ್‌ಬುಕ್ ತುಂಬಿಸುವುದು, ವಿದ್ಯುತ್ ಬಿಲ್ಲು ಕಟ್ಟುವುದು, ಊರಿನ ಜಾಗದ ತೆಂಗಿನಕಾಯಿ ಲೆಕ್ಕಕ್ಕೆ ತಮ್ಮನಿಗೆ ಫೋನು ಮಾಡುವುದು ಇವರ ಎಂದಿನ ಕೆಲಸ. ಈಗ ಕಾಲಿದೆ, ತಲೆ ಬಹುಪಾಲು ಮರಳಿದೆ. ಕೆಲಸಗಳು ಮಾತ್ರ ಬೇರೆಯವರ ಕೈ ಸೇರಿವೆ.

ಶಂಟ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದಕ್ಕೆ ಉತ್ತರ ಸಾಕಷ್ಟು ಸಿಕ್ಕಿದೆ. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 99 ಜನರಿಗೆ ಶಂಟ್ ಹಾಕಿ, ಅರ್ಧದಷ್ಟು ಜನರ ವಾಲ್ವನ್ನು ಮಾತ್ರ ಹರಿಯುವಂತೆ ಇಟ್ಟರು. ಉಳಿದವರದು ಮೂರು ತಿಂಗಳು ಮುಚ್ಚಿದಂತೆಯೇ ಇತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಮೂರು ತಿಂಗಳಿಗೆ ವಾಲ್ವ್ ತೆರೆದವರ ನಡಿಗೆಯ ವೇಗ ಸ್ಪಷ್ಟವಾಗಿ ಹೆಚ್ಚಿತು. ನೆನಪು ಮತ್ತು ಮೂತ್ರದ ವಿಷಯದಲ್ಲಿ ಅಂಥ ಸ್ಪಷ್ಟ ಅಂತರ ಕಾಣಲಿಲ್ಲ. ಮೊದಲು ಬಂದ ನಡಿಗೆಯ ತೊಂದರೆಯೇ ಹೆಚ್ಚು ಚೆನ್ನಾಗಿ ಗುಣವಾಗುವುದು. ಮರೆವು ಕೆಲವರಲ್ಲಿ ತಿಳಿಯಾಗುತ್ತದೆ, ಕೆಲವರಲ್ಲಿ ಇಲ್ಲ. ಎನ್‌ಪಿಎಚ್ ಜೊತೆಗೆ ಆಲ್‌ಜೈಮರ್ ಕೂಡ ಇರುವವರುಂಟು. ಅವರಿಗೆ ಸಿಗುವ ಲಾಭ ಕಡಿಮೆಯಾಗಬಹುದು.

ಅಪ್ಪಯ್ಯ ಅದೃಷ್ಟವಂತರ ಗುಂಪಿಗೆ ಸೇರಿದರು. ಆದರೆ ಆ ಎರಡು ವರ್ಷಗಳು ಅವರಿಗೆ ಸಿಗಲಿಲ್ಲ. ಹೋಟೆಲಿನಲ್ಲಿ ಜೊತೆಗಿದ್ದ ಗೆಳೆಯನಿಗೆ ಫೋನು ಮಾಡಿಕೊಡು ಎಂದರು. ಆ ಗೆಳೆಯ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅಪ್ಪಯ್ಯನನ್ನು ಅಂತಿಮ ದರ್ಶನಕ್ಕೆ ಕರೆದುಕೊಂಡೂ ಹೋಗಿದ್ದರು. ಅವರು ಮತ್ತೆ ಹೊಸದಾಗಿ ಅತ್ತರು. ಎರಡು ವರ್ಷ ಅಳದಿದ್ದ ಮನುಷ್ಯ ಅಳುವುದನ್ನು ಕಂಡು ಅಮ್ಮನಿಗೆ ಸಂಕಟವೋ ಸಮಾಧಾನವೋ ತಿಳಿಯಲಿಲ್ಲ.

*

ಬೀಗದ ಕೈ ಕೇಳಿದ ವಾರವೇ ಅಪ್ಪಯ್ಯ ಜಾಗದ ವಿಷಯ ಎತ್ತಿದರು. ರಾತ್ರಿ ಊಟದ ಹೊತ್ತು. “ಊರಂಗೆ ಜಾಗ ಇತ್ತಲ್ದಾ?”

ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಎಂದರೆ ಇದೆ. ಶಾಲೆಯ ಕನ್ನಡದಲ್ಲಿ ‘ಇತ್ತು’ ಎಂದರೆ ಈಗ ಇಲ್ಲ. ಮಗಳು ಎರಡೂ ಬಲ್ಲವಳು. ‘ಇತ್ತು’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದ್ದರೆ ಪುಸ್ತಕದ ಪ್ರಕಾರ ಸತ್ಯವಾಗುತ್ತಿತ್ತು, ಮನೆಯ ಮಾತಿನ ಪ್ರಕಾರ ಸುಳ್ಳಾಗುತ್ತಿತ್ತು. ಆ ರಾತ್ರಿ ಹಾಗೆ ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಅವಳು ತಟ್ಟೆ ಬದಿಗಿಟ್ಟು ಹೇಳಿದಳು: “ಇಲ್ಲ ಅಪ್ಪಯ್ಯ. ಮಾರಿದ್ದು. ನೀವೇ ಸಹಿ ಹಾಕಿದ್ರಿ. ನಿಮಗೆ ನೆನಪಿಲ್ಲ.”

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಸೆಂಟ್ಸಿಗೆ ಎಷ್ಟ್ ಬಂತ್?”

“ಎರಡು ಕಾಲು ಲಕ್ಷ.”

“ಇಪ್ಪತ್ತೇಳ್” ಎಂದರು, ಉಸಿರು ಬಿಡುವಷ್ಟರಲ್ಲಿ. ಎರಡು ವರ್ಷದಲ್ಲಿ ಅವರು ಮಾಡಿದ ಮೊದಲ ಗುಣಾಕಾರ. ಚಿಲ್ಲರೆ ಎಣಿಸಲಾಗದೆ ನಿಂತಿದ್ದವರ ತಲೆಯಲ್ಲಿ ಲೆಕ್ಕ ಮರಳಿ ಬಂದದ್ದು ಆ ಕ್ಷಣದಲ್ಲಿ, ಆ ಲೆಕ್ಕಕ್ಕಾಗಿ. ಆಮೇಲೆ ಹೇಳಿದರು: “ನಂಗ್ ಹೇಳಿದ್ರೆ ಸಾಕಿತ್ತ್.”

ಹೇಳಿದ್ದರು. ಹತ್ತು ಸಲ ಹೇಳಿದ್ದರು. ಕೇಳಿಸಿಕೊಳ್ಳುವವರು ಆಗ ಇರಲಿಲ್ಲ. ಆದರೆ ಅದನ್ನು ಈಗ ವಾದಿಸಿ ಗೆಲ್ಲುವುದರಲ್ಲಿ ಏನೂ ಇರಲಿಲ್ಲ. ಎರಡು ದಿನ ಅಪ್ಪಯ್ಯ ಮಾತಾಡಲಿಲ್ಲ. ಅಮ್ಮ ಮಗಳಿಗೆ ಬೈದರು, ಮಗಳು ಅಮ್ಮನಿಗೆ ಬೈದಳು. ಕಾಯಿಲೆಯ ಎರಡು ವರ್ಷದಲ್ಲಿ ಒಮ್ಮೆಯೂ ಜಗಳವಾಡದ ಮನೆ, ಗುಣವಾದ ಎರಡನೇ ತಿಂಗಳಲ್ಲಿ ಜಗಳವಾಡಿತು.

ಇದು ಈ ಮನೆಯೊಂದರ ಕಥೆಯಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಮಿದುಳಿನಲ್ಲಿ ಎಲೆಕ್ಟ್ರೋಡ್ ಇಡುವ ಶಸ್ತ್ರಚಿಕಿತ್ಸೆಯಾದ 29 ಜನರನ್ನು ಪ್ಯಾರಿಸ್ಸಿನ ವೈದ್ಯರು ದೀರ್ಘವಾಗಿ ಮಾತಾಡಿಸಿ 2006ರಲ್ಲಿ ಪ್ರಕಟಿಸಿದ ಬರಹದಲ್ಲೂ ಇಂಥದೇ ಸಂಗತಿಯಿದೆ. ಕೈಕಾಲು ಸುಧಾರಿಸಿತ್ತು, ತಮ್ಮೊಡನೆ, ಗಂಡ-ಹೆಂಡತಿಯೊಡನೆ, ಕೆಲಸದೊಡನೆ ಇದ್ದ ಸಂಬಂಧ ಹಲವರಲ್ಲಿ ಕುಂಟುತ್ತಿತ್ತು. ಕಾಯಿಲೆ ಮನೆಯವರಿಗೆ ಒಂದೊಂದು ಕೆಲಸ ಹಂಚಿರುತ್ತದೆ. ಕಾಯಿಲೆ ಹೋದಾಗ ಆ ಕೆಲಸ ಹಿಡಿದವರ ಕೈಯೂ ಖಾಲಿಯಾಗುತ್ತದೆ. ಮಾವಶಿಯನ್ನು ಬಿಡಿಸಿದ ದಿನ ಅಮ್ಮ ಅಡುಗೆಮನೆಯಲ್ಲಿ ಒಬ್ಬರೇ ಕೂತಿದ್ದರು. ಪ್ಲಾಸ್ಟಿಕ್ ಹಾಳೆ ತೊಳೆಯುವುದು, ಹೊತ್ತಿಗೆ ಸರಿಯಾಗಿ ಬಚ್ಚಲಿಗೆ ಕರೆದೊಯ್ಯುವುದು, ಇವೇ ಅವರ ದಿನಚರಿಯಾಗಿದ್ದವು.

ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಅಪ್ಪಯ್ಯ ಕಾಣೆಯಾದರು. ಬಾಗಿಲು ಓರೆಯಾಗಿತ್ತು. ಅಳಿಯ ಸ್ಕೂಟರ್ ತೆಗೆದುಕೊಂಡು ಓಡಿದ, ಮಗಳು ರಿಕ್ಷಾ ಹಿಡಿದಳು. ಮುಕ್ಕಾಲು ಗಂಟೆಯ ಮೇಲೆ ಅವರು ತಾವೇ ಮೆಟ್ಟಿಲು ಹತ್ತಿ ಬಂದರು, ಕಂಕುಳಲ್ಲಿ ಪೇಪರು. ಮಗಳು ನಡುಗುತ್ತ ಕೂಗಿದಳು: “ಬಿದ್ರೆ ಎಂತ ಮಾಡೂದ್?”

“ಬಿದ್ರೆ ಎದ್ಕಂಬುದ್” ಎಂದರು ಅಪ್ಪಯ್ಯ.

ಮಗಳ ಭಯ ಸುಳ್ಳಲ್ಲ. ಶಂಟ್ ಇರುವ ಹಿರಿಯರು ಬಿದ್ದು ತಲೆಗೆ ಪೆಟ್ಟಾದರೆ ರಕ್ತಸ್ರಾವದ ಅಪಾಯವಿದೆ. ಆದರೆ ನಡೆಯಲಾಗದವರನ್ನು ನಡೆಸಲು ಆಪರೇಷನ್ ಮಾಡಿಸಿ, ನಡೆಯುವವರನ್ನು ಕುರ್ಚಿಯಲ್ಲೇ ಕೂರಿಸಿದರೆ ಆ 15 ಸೆಕೆಂಡು ಯಾರ ಉಪಯೋಗಕ್ಕೆ? ಆ ದಿನ ಸಂಜೆ ಅವಳು ಹ್ಯಾಂಡ್‌ಬ್ಯಾಗಿನ ಜಿಪ್ಪು ತೆಗೆದಳು.

*

ಮರಳಿಸುವುದು ತೆಗೆದುಕೊಂಡಷ್ಟು ಸುಲಭವಾಗಿರಲಿಲ್ಲ. ಬೀಗದ ಕೈ ಮೊದಲು ಬಂತು. ಬಚ್ಚಲಿಗೆ ಮತ್ತೆ ಚಿಲಕ ಹಾಕಿಸಿದರು, ಹೊರಗಿನಿಂದಲೂ ತೆರೆಯುವಂಥದು. ಪೇಪರಿಗೆ ದಿನಾ ಹೋಗಲಿ, ಕೋಲು ಹಿಡಿದು, ಜೇಬಿನಲ್ಲಿ ಫೋನು ಮತ್ತು ಶಂಟ್ ಇದೆಯೆಂದು ಬರೆದ ಚೀಟಿ ಇಟ್ಟುಕೊಂಡು. ಕೋಣೆ ಮೊಮ್ಮಗನದೇ ಆಗಿ ಉಳಿಯಿತು. ಅವನ ಹತ್ತನೇ ಇಯತ್ತೆ ಮುಗಿಯಲಿ ಎಂದು ಅಪ್ಪಯ್ಯನೇ ಹೇಳಿದರು.

ಎಟಿಎಂ ಕಾರ್ಡು ಕೊಟ್ಟಾಗ ಅದನ್ನು ತಿರುಗಿಸಿ ನೋಡಿ ಮಗಳ ಕೈಗೇ ವಾಪಸು ಇಟ್ಟರು. ನಂಬರು ನೆನಪಿರುತ್ತದೆಂಬ ಭರವಸೆ ತನಗಿಲ್ಲ ಎಂದರು. ಪಾಸ್‌ಬುಕ್ ಮಾತ್ರ ತಮ್ಮ ಹತ್ತಿರ ಇರಲಿ, ತಿಂಗಳಿಗೊಮ್ಮೆ ತುಂಬಿಸಿ ತಂದು ತೋರಿಸಬೇಕು. ಗ್ಯಾಸ್ ಒಲೆಯನ್ನೂ ಮುಟ್ಟುವುದಿಲ್ಲ ಎಂದರು. ಎರಡು ಸಲ ಹಾಲು ಇಟ್ಟು ಮರೆತಿದ್ದರು. ಹೊರಗಿನಿಂದ ನೋಡಿದರೆ ಕಾರ್ಡು ಮೊದಲಿನಂತೆ ಮಗಳ ಪರ್ಸಿನಲ್ಲೇ ಇದೆ. ಆದರೆ ಮೊದಲು ಅವಳು ತೆಗೆದುಕೊಂಡಿದ್ದಳು, ಈಗ ಅವರು ಕೊಟ್ಟಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರದ ಜೀವನದ ಗುಣಮಟ್ಟ ಎಂದು ಯಾವುದನ್ನಾದರೂ ಹೇಳುವುದಾದರೆ, ಆ ಮನೆಯಲ್ಲಿ ಅದು ಈ ಅಂತರದಲ್ಲಿದೆ. ಎಲ್ಲವೂ ಮರಳಿ ಬರಬೇಕೆಂದಿಲ್ಲ. ಏನನ್ನು ಬಿಡಬೇಕೆಂದು ಹೇಳುವವರು ತಾವೇ ಆಗಿರಬೇಕು.

ನಿಮ್ಮ ಮನೆಯಲ್ಲೂ, ಊರಿನಲ್ಲಿರುವ ಅಪ್ಪ-ಅಮ್ಮನ ಮನೆಯಲ್ಲೂ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಕೇಳಿಸಬಹುದು. ಎಲ್ಲ ಮರೆವೂ ಇದಲ್ಲ, ಎಲ್ಲ ಎಳೆನಡಿಗೆಯೂ ಇದಲ್ಲ. ವಯಸ್ಸಾದಂತೆ ಮಿದುಳು ಸೊರಗಿದರೂ ಒಳಕೋಣೆಗಳು ದೊಡ್ಡದಾಗಿ ಕಾಣುತ್ತವೆ. ಹಾಗಾಗಿ ಚಿತ್ರವೊಂದನ್ನೇ ನೋಡಿ ತೀರ್ಮಾನಿಸಲಾಗದು. ಆದರೆ ನಡಿಗೆ ಮೊದಲು ಕೆಟ್ಟು, ಮರೆವು ಮತ್ತು ಮೂತ್ರದ ತೊಂದರೆ ಆಮೇಲೆ ಬಂದಿದ್ದರೆ ನರರೋಗ ತಜ್ಞರ ಮುಂದೆ ಅದೇ ಕ್ರಮದಲ್ಲಿ ಹೇಳಿ. ಮೂತ್ರದ ವಿಷಯ ನಾಚಿಕೆಯೆಂದು ಬಿಡಬೇಡಿ. ಬೇಗ ಗೊತ್ತಾದಷ್ಟೂ ಮರಳಿ ಸಿಗುವುದು ಹೆಚ್ಚು. ಮನೆಯವರು ತೆಗೆದುಕೊಂಡಿರುವುದೂ ಕಡಿಮೆ ಇರುತ್ತದೆ.

ಎರಡು ವರ್ಷವಾಯಿತು. ನಡುವೆ ಒಮ್ಮೆ ತಲೆನೋವು ಬಂದು, ಹೊರಗಿನಿಂದಲೇ ಆಯಸ್ಕಾಂತದ ಉಪಕರಣ ಹಿಡಿದು ವಾಲ್ವಿನ ಹರಿವು ಸರಿಪಡಿಸಿದರು. ಕಳೆದ ಮಳೆಗಾಲ ಅಪ್ಪಯ್ಯ ಅಳಿಯನ ಜೊತೆ ಆಟಕ್ಕೆ ಹೋಗಿ, ಎದ್ದುಹೋಗಲು ಸುಲಭವಾಗುವಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಅರ್ಧ ಪ್ರಸಂಗ ನೋಡಿ ಬಂದರು. ಊರಿನ ಜಾಗದ ಹೆಸರನ್ನು ಮತ್ತೆ ಎತ್ತಿಲ್ಲ.

ಶಂಟ್ ಶಾಶ್ವತವಲ್ಲ. ಕಟ್ಟಿಕೊಂಡರೆ ಮೊದಲು ಗೊತ್ತಾಗುವುದು ನಡಿಗೆಯಲ್ಲೇ ಎಂದು ವೈದ್ಯೆ ಹೇಳಿದ್ದಾರೆ. ಹಾಗಾಗಿ ರಾತ್ರಿ ಅಪ್ಪಯ್ಯ ಬಚ್ಚಲಿಗೆಂದು ಎದ್ದಾಗ ಅಮ್ಮ ಏಳುವುದಿಲ್ಲ, ದೀಪ ಹಾಕುವುದಿಲ್ಲ. ಮಲಗಿದಲ್ಲೇ ಕಿವಿಗೊಡುತ್ತಾರೆ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಒಳಗಿನಿಂದ ಚಿಲಕ ಬಿದ್ದ ಸದ್ದು. ಅಷ್ಟು ಕೇಳಿಸಿದರೆ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಾರೆ.